ಮಳೆಗಾಲದಲ್ಲಿ ತುಕ್ಕು ಕತ್ತರಿಸಿ ಬಣ್ಣ ಹೊಡೆಯುವುದು: ನನ್ನ ಅನುಭವ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪಿಕಪ್ ಟಿಂಕರಿಂಗ್‌ಗೆ (ತಗಡಿನ ರಿಪೇರಿಗೆ) ಬಂದರೆ ಮೊದಲು ಬಾಗಿಲು ತೆರೆದು ಅದರ ಅಡಿ ಅಂಚಿಗೆ ಬೆರಳು ಹಾಕುತ್ತೇನೆ. ನೀರು ಇಳಿದುಹೋಗಲೆಂದು ಅಲ್ಲಿ ಎರಡೋ ಮೂರೋ ತೂತು ಇರುತ್ತವೆ. ಕೆಮ್ಮಣ್ಣು, ಅಡಿಕೆ ಸಿಪ್ಪೆಯ ನಾರು, ಒಣ ಎಲೆಯ ಪುಡಿ ಸೇರಿ ಅವು ಗಾರೆ ಮೆತ್ತಿದಂತೆ ಮುಚ್ಚಿಕೊಂಡಿರುತ್ತವೆ. ಗ್ಲಾಸಿನ ರಬ್ಬರ್ ಸಂದಿಯಿಂದ ಇಳಿದ ಮಳೆನೀರು ಒಳಗೇ ನಿಂತು ತಗಡನ್ನು ಒಳಮೈಯಿಂದ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಿದೆ ಅಂದರೆ ಒಳಗೆ ತಗಡು ಮುಗಿದಿದೆ ಅಂತಲೇ ಲೆಕ್ಕ. ಮೇಲೆ ಕೆರೆದು ಪುಟ್ಟಿ (ತಗ್ಗು ತುಂಬುವ ಲೇಪ) ಮೆತ್ತಿ ಕಳಿಸಿದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಅದೇ ಜಾಗದಲ್ಲಿ ಏಳುತ್ತದೆ.

ಲೋಡ್ ಬಾಡಿಯ ತಳ ಹಾಳಾಗುವ ಬಗೆ ಬೇರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ, ಅದಕ್ಕೆ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ಡ್ರಮ್ಮು ಎಲ್ಲ ಇದೇ ಗಾಡಿಯಲ್ಲಿ ತೋಟಕ್ಕೆ ಹೋಗುತ್ತವೆ. ಸುಣ್ಣ ಸರಿಯಾಗಿ ಸೇರಿದ ದ್ರಾವಣದಿಂದ ಅಷ್ಟು ಕೇಡಿಲ್ಲ. ಬರೀ ಮೈಲುತುತ್ತದ ನೀರು ಚೆಲ್ಲಿದರೆ ಅದು ಬಣ್ಣ ಕಿತ್ತ ಗೀರಿಗೆ ಇಳಿದು ಕಬ್ಬಿಣವನ್ನು ಕರಗಿಸಿ ತನ್ನ ತಾಮ್ರವನ್ನು ಅಲ್ಲಿ ಬಿಡುತ್ತದೆ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ತೋಟದವರು ಹೊಳೆಯುವ ಚಾಕು ಅದ್ದಿ, ಕೆಂಪಗಾಯಿತಾ ಅಂತ ನೋಡುತ್ತಾರಲ್ಲ, ತಗಡಿನ ಮೇಲೆ ನಡೆಯುವುದೂ ಅದೇ. ತಾಮ್ರ ಅಂಟಿದ ಕಬ್ಬಿಣ ತೇವ ಸಿಕ್ಕಾಗಲೆಲ್ಲ ಬೇಗ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ತಳವನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಕೆಂಪು ಛಾಯೆ ಪೂರ್ತಿ ಹೋಗಿ ಬಿಳಿ ಲೋಹ ಕಾಣುವವರೆಗೆ ಗ್ರೈಂಡರ್‌ನಲ್ಲಿ ಫ್ಲಾಪ್ ಡಿಸ್ಕ್ (ಉಜ್ಜುವ ಚಕ್ರ) ಹಾಕಬೇಕು.

ತುಕ್ಕು ಎಲ್ಲಿಯವರೆಗೆ ಹೋಗಿದೆ ಅಂತ ತಿಳಿಯಲು ಹಳೆಯ ಸ್ಕ್ರೂಡ್ರೈವರ್ ಸಾಕು. ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ತಗಡು ಠಣ್ ಅನ್ನುತ್ತದೆ, ತಿಂದುಹೋದದ್ದು ಒಡಕು ಮಡಕೆಯ ಹಾಗೆ ಬೊದ್ದು ಸದ್ದು ಕೊಡುತ್ತದೆ. ಅಲ್ಲಿ ತುದಿಯಿಂದ ಒತ್ತಿದರೆ ಹಪ್ಪಳದಂತೆ ಒಳಗೆ ಕುಸಿಯುತ್ತದೆ. ಸದ್ದು ಬದಲಾದ ಗೆರೆಯಿಂದ ಇನ್ನೊಂದು ಇಂಚು ಆಚೆಗೆ ಗುರುತು ಹಾಕಿ 1 ಮಿ.ಮೀ. ಕಟಿಂಗ್ ವೀಲ್‌ನಲ್ಲಿ ಕತ್ತರಿಸುತ್ತೇನೆ. ಇಲ್ಲಿ ಜಿಪುಣತನ ಮಾಡಬಾರದು. ಸವೆದ ತಗಡಿಗೆ ವೆಲ್ಡ್ ಕೂರುವುದಿಲ್ಲ, ತೂತು ಬೀಳುತ್ತದೆ.

ಬಾಗಿಲಿಗೆ 0.8 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಹೊಂದುತ್ತದೆ. ಲೋಡ್ ಬಾಡಿಗೆ ಅದರದೇ ದಪ್ಪ ಅಳೆದು ತಗೊಳ್ಳಬೇಕು. ತೇಪೆಯ ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ನಾನು ಸಿಒ2 ವೆಲ್ಡಿಂಗ್ (ಗ್ಯಾಸ್ ಬಿಡುತ್ತಾ ತಂತಿ ಕರಗಿಸುವ ವೆಲ್ಡಿಂಗ್), 0.8 ಮಿ.ಮೀ. ತಂತಿ ಬಳಸುತ್ತೇನೆ. ಒಂದೇ ಸಮನೆ ಗೆರೆ ಎಳೆಯುವುದಿಲ್ಲ. ಇಂಚಿಗೊಂದು ಚುಕ್ಕೆ, ಈ ಕಡೆ ಒಂದು ಹಾಕಿದರೆ ಮುಂದಿನದು ಎದುರು ಕಡೆ. ಚುಕ್ಕೆಯನ್ನು ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೇ ಅದರ ಪಕ್ಕ ಇನ್ನೊಂದು. ಅವಸರ ಮಾಡಿದರೆ ತಗಡು ಬಿಸಿಗೆ ಹಿಗ್ಗಿ, ಆರುವಾಗ ಕುಗ್ಗಿ ಬಾಗಿಲಿನ ಮೈಯೆಲ್ಲ ಅಲೆ ಅಲೆಯಾಗುತ್ತದೆ. ಆ ಅಲೆ ಮುಚ್ಚಲು ದಪ್ಪ ಪುಟ್ಟಿ ಬೇಕಾಗುತ್ತದೆ, ಮುಂದೆ ಅದೇ ಪುಟ್ಟಿ ಸೀಳುತ್ತದೆ.

ಆಷಾಢದಲ್ಲಿ ಬೆಳಿಗ್ಗೆ ಉಜ್ಜಿಟ್ಟ ತಗಡು ಸಂಜೆಗೆ ಕಂದು ತಿರುಗುತ್ತದೆ. ಬರಿಗೈಯಲ್ಲಿ ಮುಟ್ಟಿದ ಜಾಗದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ. ಹಾಗಾಗಿ ಉಜ್ಜಿದ ದಿನವೇ, ಸಾಧ್ಯವಾದರೆ ಉಜ್ಜಿದ ಗಂಟೆಯಲ್ಲೇ, ಗ್ರೀಸ್ ರಿಮೂವರ್‌ನಲ್ಲಿ ಒರೆಸಿ ಎಪಾಕ್ಸಿ ಪ್ರೈಮರ್ (ತೇವ ತಡೆಯುವ ಮೊದಲ ಲೇಪ) ಹೊಡೆಯಬೇಕು. ಒರೆಸಲು ಎರಡು ಬಟ್ಟೆ: ಒಂದು ಒದ್ದೆ, ಅದು ಆರುವ ಮೊದಲೇ ಹಿಂದಿನಿಂದ ಒಂದು ಒಣ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡನ್ನು ಅಲ್ಲಿಂದ ಇಲ್ಲಿಗೆ ಸವರಿದಂತೆ. ತುಕ್ಕು ಕರಗಿಸುವ ಆಸಿಡ್ ಬಳಸಿದ್ದರೆ ಅದರ ಪಸೆ ಪೂರ್ತಿ ತೊಳೆದು ಒಣಗಿಸಿರಬೇಕು, ಇಲ್ಲದಿದ್ದರೆ ಎಪಾಕ್ಸಿ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ.

ಪುಟ್ಟಿಯನ್ನು ನಾನು ಬರಿ ತಗಡಿಗೆ ಹಚ್ಚುವುದಿಲ್ಲ, ಎಪಾಕ್ಸಿ ಒಣಗಿದ ಮೇಲೆ ಅದನ್ನು ಉಜ್ಜುವ ಪೇಪರ್ ಹೊಡೆದು ಅದರ ಮೇಲೆ ಹಚ್ಚುತ್ತೇನೆ. ಪುಟ್ಟಿಯೊಳಗಿನ ಟಾಲ್ಕ್ ಪುಡಿ ತೇವವನ್ನು ಸ್ಪಂಜಿನಂತೆ ಹೀರುತ್ತದೆ, ಕೆಳಗೆ ಎಪಾಕ್ಸಿ ಇದ್ದರೆ ಆ ತೇವ ಲೋಹಕ್ಕೆ ತಲುಪುವುದಿಲ್ಲ. ಅಳತೆ 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್ (ಗಟ್ಟಿ ಮಾಡುವ ವಸ್ತು). ಎಲ್ಲ ಕಡೆ ಒಂದೇ ಬಣ್ಣ ಬರಬೇಕು, ಹಾರ್ಡನರ್‌ನ ಗೆರೆ ಎಲ್ಲೂ ಕಾಣಬಾರದು. ಬೇಗ ಗಟ್ಟಿಯಾಗಲಿ ಅಂತ ಹೆಚ್ಚು ಹಾರ್ಡನರ್ ಹಾಕಿದರೆ ಅದು ಮೇಲಿನ ಬಣ್ಣದವರೆಗೂ ಏರಿ ಕಲೆ ಮಾಡುತ್ತದೆ. ದಪ್ಪ 2 ಮಿ.ಮೀ. ಒಳಗಿರಲಿ, ಹೆಚ್ಚು ಬೇಕಾದರೆ ಮತ್ತೆ ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ), ಸುತ್ತಿಗೆ ಹಿಡಿಯುವುದೇ ಸರಿ. ಉಜ್ಜುವುದು ಒಣ ಪೇಪರ್‌ನಲ್ಲೇ, ಬ್ಲಾಕ್ ಹಿಡಿದು 80 ನಂಬರ್, ಆಮೇಲೆ 120, 180. ಪುಟ್ಟಿಗೆ ನೀರು ಹಾಕಿ ಉಜ್ಜುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಮಲೆನಾಡಿನಲ್ಲಿ ಅದನ್ನು ಖಂಡಿತ ಬಿಡಬೇಕು. ಹೀರಿದ ನೀರು ಬಣ್ಣದಡಿ ಸಿಕ್ಕಿಕೊಂಡು, ಬಿಸಿಲು ಬಿದ್ದ ದಿನ ಗುಳ್ಳೆಯಾಗಿ ಮೇಲೇಳುತ್ತದೆ.

ಪುಟ್ಟಿಯ ಮೇಲೆ 2ಕೆ (ಹಾರ್ಡನರ್ ಸೇರಿಸಿ ಹೊಡೆಯುವ) ಸರ್ಫೇಸರ್, ಅಂದರೆ ಮೈ ಸಮ ಮಾಡುವ ಪ್ರೈಮರ್, ಎರಡು ಮೂರು ಕೋಟ್. ಅದು ಪೂರ್ತಿ ಒಣಗಿದ ಮೇಲೆ 600, 800 ವಾಟರ್ ಪೇಪರ್ ಬಳಸಬಹುದು. ಉಜ್ಜುವಾಗ ಎಲ್ಲಾದರೂ ಪುಟ್ಟಿ ಕಂಡರೆ ಅಲ್ಲಿಗೆ ನೀರು ನಿಲ್ಲಿಸಿ, ಒಣಗಿಸಿ, ಮತ್ತೆ ಸರ್ಫೇಸರ್ ಹೊಡೆಯಿರಿ.

ಇನ್ನು ಬಣ್ಣ ಹೊಡೆಯುವ ಗಾಳಿಯೊಳಗಿನ ನೀರು. ಕಂಪ್ರೆಸರ್ ಎಳೆದುಕೊಳ್ಳುವುದು ಹೊರಗಿನ ಒದ್ದೆ ಗಾಳಿಯನ್ನೇ. ಮಳೆಗಾಲದಲ್ಲಿ ಟ್ಯಾಂಕಿನ ಅಡಿಯ ಕಾಕ್ ದಿನಕ್ಕೆ ಮೂರು ನಾಲ್ಕು ಸಲ ತೆರೆದು ನೀರು ಬಿಡುತ್ತೇನೆ. ವಾಟರ್ ಸೆಪರೇಟರ್ ಕಂಪ್ರೆಸರ್ ಪಕ್ಕದಲ್ಲೇ ಕೂರಿಸಿದರೆ ಪ್ರಯೋಜನ ಕಡಿಮೆ. ಅಲ್ಲಿ ಗಾಳಿ ಬಿಸಿ ಇರುತ್ತದೆ, ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. 25 ಅಡಿಯಷ್ಟು ಕಬ್ಬಿಣದ ಪೈಪ್ ಹಾಯಿಸಿ, ಗಾಳಿ ಆರಿದ ಮೇಲೆ ಸೆಪರೇಟರ್ ಬರಬೇಕು. ಸ್ಪ್ರೇ ಗನ್ ಕೈಗೆತ್ತಿಕೊಳ್ಳುವ ಮುಂಚೆ ಹೋಸ್ ಬಾಯಿಗೆ ಬಿಳಿ ಕಾಗದ ಹಿಡಿದು ಅರ್ಧ ನಿಮಿಷ ಗಾಳಿ ಬಿಡಿ. ಕಾಗದದ ಮೇಲೆ ಒಂದೇ ಒಂದು ಹನಿ ಕಂಡರೂ ಬಣ್ಣ ಕಲಸಬೇಡಿ.

ಹೊರಗೆ 24 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 22 ಡಿಗ್ರಿ. ತಗಡು ಅದಕ್ಕಿಂತ 3 ಡಿಗ್ರಿಯಾದರೂ ಬಿಸಿ ಇರಬೇಕು, ಆದರೆ ಜಿಟಿಜಿಟಿ ಮಳೆಯ ದಿನ ಎರಡು ಡಿಗ್ರಿಯ ಅಂತರವೂ ಇರುವುದಿಲ್ಲ. ಸಾಲದ್ದಕ್ಕೆ ತಿನ್ನರ್ ಆರುವಾಗ ತಗಡಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಇಬ್ಬನಿ ಬಣ್ಣದ ಮೇಲೆ ಕೂತು, ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣವಾದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. 2ಕೆ ಕ್ಲಿಯರ್ (ಬಣ್ಣದ ಮೇಲಿನ ಹೊಳಪಿನ ಪದರ) ಆದರೆ ಹಾರ್ಡನರ್ ನೀರಿನ ಜೊತೆ ಸೇರಿ ಗ್ಯಾಸ್ ಬಿಟ್ಟು ಸಣ್ಣ ಸಣ್ಣ ಗುಳ್ಳೆ ಬರುತ್ತವೆ. ಬೇಗ ಆರಲಿ ಅಂತ ಫಾಸ್ಟ್ ತಿನ್ನರ್ ಹಾಕುವುದು ಇಲ್ಲಿ ಉಲ್ಟಾ ಕೆಲಸ, ತಗಡು ಇನ್ನೂ ತಣ್ಣಗಾಗುತ್ತದೆ. ಸ್ಲೋ ತಿನ್ನರ್ ಹಾಕಿ, ಎನ್‌ಸಿ ಆದರೆ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಸೇರಿಸಿ.

ಶೆಡ್ ಮುಚ್ಚಿ, ಕಲಸುವ ಮುಂಚೆಯೇ ಹ್ಯಾಲೋಜನ್ ದೀಪದಲ್ಲಿ ಒಳಗಿನ ಗಾಳಿಯನ್ನೂ ತಗಡನ್ನೂ 30 ಡಿಗ್ರಿಗೆ ತಂದರೆ ಅದೇ ಗಾಳಿಯ ತೇವಾಂಶ ಶೇ. 63ರ ಹತ್ತಿರಕ್ಕೆ ಇಳಿಯುತ್ತದೆ. ಗನ್ ಹಿಡಿಯುವ ಹೊತ್ತಿಗೆ ದೀಪ ಆರಿಸಿ ಹೊರಗಿಡಿ, ತಿನ್ನರ್ ಆವಿಗೆ ಬೆಂಕಿ ಹತ್ತಲು ಕ್ಷಣ ಸಾಕು. ಗ್ಯಾಸ್ ಒಲೆ ಉರಿಸಿ ಶೆಡ್ ಬಿಸಿ ಮಾಡಲೇಬಾರದು, ಅದರ ಉರಿಯಿಂದಲೇ ನೀರಾವಿ ಬರುತ್ತದೆ.

ಬೇಸ್ ಕೋಟ್‌ಗೆ (ಬಣ್ಣದ ಪದರಕ್ಕೆ), ಕ್ಲಿಯರ್‌ಗೆ 1.3 ಅಥವಾ 1.4 ಮಿ.ಮೀ. ನಾಜಲ್, ಸರ್ಫೇಸರ್‌ಗೆ 1.7. ತಗಡಿನಿಂದ ಒಂದು ಗೇಣು ದೂರ, ಪ್ರತಿ ಗೆರೆಯೂ ಹಿಂದಿನದರ ಅರ್ಧ ಮುಚ್ಚಬೇಕು. ಕ್ಲಿಯರ್ ಎರಡು ಕೋಟ್, ನಡುವೆ ಹತ್ತು ನಿಮಿಷ, ಥಂಡಿ ಇದ್ದರೆ ಹದಿನೈದು. 2ಕೆ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊಡೆಯುವ ಹುಡುಗರನ್ನು ನೋಡಿದರೆ ಸಂಕಟವಾಗುತ್ತದೆ. ಕಾರ್ಬನ್ ಕಾರ್ಟ್ರಿಜ್ ಇರುವ ಮಾಸ್ಕ್ ಕನಿಷ್ಠ, ದಿನವೂ ಹೊಡೆಯುವವರಿಗೆ ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕೇ ಬೇಕು.

ಬಣ್ಣ ಗಟ್ಟಿಯಾದ ಮೇಲೆ, ಮಾರನೆಯ ದಿನ, ಬಾಗಿಲಿನ ಒಳಪ್ಯಾಡ್ ತೆಗೆದು ವೆಲ್ಡ್‌ನ ಹಿಂಬದಿಗೆ ಕ್ಯಾವಿಟಿ ವ್ಯಾಕ್ಸ್ (ಒಳಸಂದಿಗಳಿಗೆ ಹೊಡೆಯುವ ಮೇಣ) ಹೊಡೆಯುತ್ತೇನೆ. ಆ ಹಿಂಬದಿಗೆ ಪ್ರೈಮರ್ ತಲುಪಿರುವುದಿಲ್ಲ, ಸುಟ್ಟ ಲೋಹ ಬತ್ತಲೆಯಾಗಿಯೇ ಇರುತ್ತದೆ. ಉದ್ದ ನಳಿಗೆಯನ್ನು ತುದಿಯವರೆಗೆ ತೂರಿಸಿ ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಹೊಡೆದರೆ ಅಂಚಿನ ಮಡಿಕೆಯೊಳಗೆಲ್ಲ ಇಳಿಯುತ್ತದೆ. ಒಂದು ಗಂಟೆ ಬಿಟ್ಟು ಅಡಿಯ ತೂತುಗಳಿಗೆ ತಂತಿ ಹಾಕಿ ವ್ಯಾಕ್ಸ್ ಬಿಡಿಸಿ, ಗ್ಲಾಸಿನ ಮೇಲಿಂದ ಒಂದು ಚೊಂಬು ನೀರು ಸುರಿಯುತ್ತೇನೆ. ಎಲ್ಲ ತೂತಿನಿಂದಲೂ ನೀರು ಹೊರಬಿದ್ದರೆ ಪ್ಯಾಡ್ ಕೂರಿಸುತ್ತೇನೆ.