ಮಡ್‌ಗಾರ್ಡಿಗೆ ಗೋಡು ಮೆತ್ತದ ಹಾಗೆ ಮಾಡಿದೆ: ನನ್ನ ಅನುಭವ

ಕೆರೆಯ ಜಿಗುಟು ಗೋಡು ಮಣ್ಣಲ್ಲಿ ಮೊಪೆಡ್ಡಿನ ಮುಂದಿನ ಚಕ್ರ ಕಚ್ಚಿಕೊಂಡರೆ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿಡು ಅಂತಲೇ ನಮ್ಮ ಕೋಲಾರದ ಕಡೆ ಮೆಕ್ಯಾನಿಕ್‌ಗಳೆಲ್ಲ ಹೇಳೋದು. ನಾನೂ ಹತ್ತು ಹನ್ನೆರಡು ವರ್ಷ ಹಾಗೇ ಬಿಚ್ಚಿಕೊಟ್ಟಿದ್ದೀನಿ. ಬಿಚ್ಚಿದರೆ ಕೆಸರೆಲ್ಲ ಮುಖಕ್ಕೆ. ಈಗ ಎರಡು ಮಳೆಗಾಲ ಕಳೆದವು, ಮಡ್‌ಗಾರ್ಡ್ ಇದ್ದ ಹಾಗೇ ಇದೆ, ಚಕ್ರ ಒಂದು ದಿನವೂ ನಿಂತಿಲ್ಲ.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರೋಕೆ ಶುರುವಾಯ್ತಲ್ಲ, ಅದಕ್ಕೆ ಮುಂಚೆ ನಮ್ಮೂರ ಕೆರೆಯಂಗಳ ಬಿರುಕು ಬಿಟ್ಟು ಒಣಗಿತ್ತು. ಡೈರಿಗೆ ಅದೇ ಅಡ್ಡದಾರಿ. ನೀರು ತುಂಬಿದ ಮೇಲೆ ದಾರಿ ಅಂಚಿಗೆ ಸರೀತು, ಅಲ್ಲಿ ವರ್ಷವಿಡೀ ಹಸಿ ಗೋಡು. ಕಪ್ಪಗೆ, ಹಲಸಿನ ಮೇಣದ ಹಾಗೆ. ಮೊಪೆಡ್ಡಲ್ಲಿ ನೂರಡಿ ಹೋಗೋದರೊಳಗೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಾರೆ ತುಂಬಿದಂಗೆ ತುಂಬಿಬಿಡುತ್ತೆ. ಹಿಂದೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಕಡ್ಡೀಲಿ ಕೆರೀತಾ ಕೂತರೆ ಡೈರಿ ಬಾಗಿಲು ಹಾಕಿರುತ್ತೆ.

ಮೊದಲು ವೇಸ್ಟ್ ಆಯಿಲ್ ಬಳಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಧೂಳು ಹಿಡಿದು ಇನ್ನೂ ಗಟ್ಟಿಯಾಗಿ ಕಚ್ಚಿತು. ಮೇಣದಬತ್ತಿ ಕರಗಿಸಿ ಹರಳೆಣ್ಣೆ ಸೇರಿಸಿದ್ದು ಬಿಸಿಲಿಗೆ ಇಳಿದುಹೋಯ್ತು. ಸಿಲಿಕಾನ್ ಸ್ಪ್ರೇ, ಡಬ್ಬಕ್ಕೆ ಮುನ್ನೂರೈವತ್ತೋ ಏನೋ, ಒಂದೇ ಬೆಳಗ್ಗೆಗೆ ತೊಳೆದುಹೋಯ್ತು. ಬೆಂಗಳೂರಲ್ಲಿ 1,800 ಕೊಟ್ಟು ಅಂಟದ ಪೇಂಟ್ ಹೊಡೆಸಿದೆ, ಗೋಡಿನೊಳಗಿನ ಮರಳು ವಾರದಲ್ಲಿ ಅದನ್ನೂ ಕೆರೆದು ತೆಗೀತು. ಎಲ್ಲಾ ಸೇರಿ ಆರೇಳು ಸಾವಿರ ಹೋಯ್ತು. "ಆ ದುಡ್ಡಿಗೆ ಒಂದು ಕುರಿ ಬರ್ತಿತ್ತಲ್ಲ ಅಳಿಯಂದ್ರೇ" ಅಂದರು ನಮ್ಮ ಮಾವ.

ದಾರಿ ಸಿಕ್ಕಿದ್ದು ನಮ್ಮ ಕೊಟ್ಟಿಗೆಯಲ್ಲೇ. ಹಸುಗಳಿಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ಸೀಳಿ ತೊಟ್ಟಿ ಮಾಡಿದ್ವಿ. ತೋಟಕ್ಕೆ ಗೋಡು ಹೊಡೆಸಿದ ದಿನ ತೊಟ್ಟಿಗೂ ಮೆತ್ತಿತ್ತು, ಪಕ್ಕದ ಕಬ್ಬಿಣದ ಬಾಂಡಲಿಗೂ ಮೆತ್ತಿತ್ತು. ಮಾರನೇ ದಿನ ತೊಟ್ಟಿಗೆ ಬೆರಳಲ್ಲಿ ತಟ್ಟಿದೆ, ರೊಟ್ಟಿ ಎದ್ದ ಹಾಗೆ ಒಂದೇ ಹೆಕ್ಕಳೆಯಾಗಿ ಎದ್ದುಬಂತು. ಬಾಂಡಲಿಗೆ ಉಳಿ ಬೇಕಾಯ್ತು. ಆ ಡ್ರಮ್ಮು ಪಾಲಿಥಿನ್ ಅನ್ನೋ ಪ್ಲಾಸ್ಟಿಕ್ಕಿಂದು, ಹಿಮದ ಮೇಲೆ ಜಾರೋ ಸ್ಕೀ ಹಲಗೆಯ ತಳಕ್ಕೆ ಹಾಕೋದೂ ಪಾಲಿಥಿನ್ನೇ ಅಂತ ಆಮೇಲೆ ಗೊತ್ತಾಯ್ತು.

ಡ್ರಮ್ಮಿನ ಪಟ್ಟಿ ಕೊಯ್ದು, ಕುದಿಯೋ ನೀರು ಹುಯ್ದು ಬಗ್ಗಿಸಿ ಮಡ್‌ಗಾರ್ಡ್ ಒಳಗೆ ಕೂರಿಸಿದೆ. ಅಂಟು ಹಾಕಿದ್ದು ಎರಡು ಕಿಲೋಮೀಟರ್ ತಾಳಲಿಲ್ಲ. ಆ ಪ್ಲಾಸ್ಟಿಕ್ಕಿಗೆ ಮಾಮೂಲಿ ಗೋಂದು ಯಾವುದೂ ಹಿಡಿಯಲ್ಲ. ಪಾಪ್ ರಿವೆಟ್ ಹೊಡೆದೆ, ರಿವೆಟ್ಟಿನ ತಲೆಗೇ ಗೋಡು ಕಚ್ಚಿತು. ಕೌಂಟರ್‌ಸಿಂಕ್ ಬೋಲ್ಟ್ ಹಾಕಿ ತಲೆ ಒಳಗೆ ಇಳಿಸಿದ ಮೇಲೆ ಸರಿಹೋಯ್ತು. ಅಲ್ಲಿಗೂ ಮುಗೀಲಿಲ್ಲ. ಏಪ್ರಿಲ್ ಬಿಸಿಲಿಗೆ ಪಟ್ಟಿ ಹಿಗ್ಗಿ ಉಬ್ಬಿ ಟೈರಿಗೆ ಉಜ್ಜಿತು. ಈಗ ಮುಂದಿನ ತೂತು ಮಾತ್ರ ದುಂಡಗೆ, ಉಳಿದದ್ದೆಲ್ಲ ಉದ್ದಕ್ಕೆ ಕೊರೀತೀನಿ, ಪಟ್ಟಿ ಹಿಗ್ಗಿದಾಗ ಜರುಗೋಕೆ ಜಾಗ ಇರಲಿ ಅಂತ. ಮಡ್‌ಗಾರ್ಡನ್ನ ಎರಡು ಬೆರಳು ಎತ್ತರಿಸ್ತೀನಿ, ಅದಿಲ್ಲದೆ ಎಂಥ ಪಟ್ಟಿ ಹಾಕಿದರೂ ವ್ಯರ್ಥ. ಹಿಂದಿನ ಅಂಚನ್ನ ಯಾವ ಓರೆಗೆ ಕೊಯ್ಯಬೇಕು, ಬೆಳಗ್ಗೆ ಏನು ಸವರಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಗೋಡು ಸಾಗಿಸೋ ಟ್ರೈಲರಿನ ತಳಕ್ಕೂ ಹಾಸಿ ನೋಡಿದೆ. ಎತ್ತಿದ ತಕ್ಷಣ ಲೋಡು ಜರ್ರಂತ ಇಳೀತು, ಆದರೆ ತುಂಬೋವಾಗ ಗುದ್ದಲಿ ಏಟಿಗೆ ಹಾಳೆ ಸೀಳಿತು. ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡೋ ರೋಟವೇಟರ್ ಮುಚ್ಚಳದಲ್ಲಂತೂ ಕಲ್ಲು ಸಿಡಿದು ಅರ್ಧ ದಿನಕ್ಕೇ ಚಿಂದಿ.

ಸಾಮಾನು ನೂರಿಪ್ಪತ್ತರ ಹತ್ತಿರ ಬೀಳುತ್ತೆ, ಗಾಡಿಗೆ ನಾನೂರೈವತ್ತು ತಗೋತೀನಿ. ಇದುವರೆಗೆ ನಲವತ್ತು ಗಾಡಿ ಆಗಿರಬಹುದು. ಮೊದಲು "ಆಗೋ ಮಾತಲ್ಲ ಬಿಡಣ್ಣ" ಅಂದಿದ್ದ ಪಕ್ಕದ ಗ್ಯಾರೇಜಿನವನು ಹೋದ ತಿಂಗಳು ಎರಡು ಡ್ರಮ್ಮು ತಂದು ಇಟ್ಟುಕೊಂಡಿದ್ದಾನೆ.