ಏರಿ ಮೇಲಿನ 40 ನಿಮಿಷ

ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಮೊದಲು ಹೋದದ್ದು ಮಂಡ್ಯದ ನಮ್ಮ ಬಡಾವಣೆಯ ಪಾರ್ಕಿಗೆ. 11 ಸುತ್ತು ಹಾಕಿದರೆ ಎರಡು ಕಿಲೋಮೀಟರು. ಇದು ಐದನೇ ಸುತ್ತೋ ಆರನೆಯದೋ ಅನ್ನುವ ಲೆಕ್ಕದಲ್ಲೇ ಬೆಳಗು ಮುಗಿಯುತ್ತಿತ್ತು. ಒಂದು ದಿನ ಗೇಟಿಗೆ ಬೀಗ. ಕೊನೆಯ ಬೀದಿ ದಾಟಿ ಗದ್ದೆ ಬಯಲಿಗೆ ಇಳಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ ಕವಲೊಡೆದು ಬರುವ ಕಿರುಗಾಲುವೆ, ಅದರ ಏರಿ ಅಲ್ಲಿದ್ದವು. 2019ರಿಂದ ಅದೇ ನನ್ನ ದಾರಿ.

ದೊಡ್ಡ ನಾಲೆಯ ಪಕ್ಕದ ರಸ್ತೆಯಲ್ಲಿ ಮಾತ್ರ ನಡೆಯುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಹೋದರಲ್ಲ, ಆಮೇಲೆ ಆ ಅಂಚು ಕಂಡರೆ ನನಗೆ ಕಾಲು ನಡುಗುತ್ತದೆ. ಕಿರುಗಾಲುವೆಯ ಏರಿ ಮೇಲೆ ಎತ್ತಿನ ಗಾಡಿ, ಟಿವಿಎಸ್ ಬಿಟ್ಟರೆ ಬೇರೇನೂ ಬರುವುದಿಲ್ಲ.

ಆರು ಗಂಟೆಗೆ ಹೊರಟು ನೀರಿಗೆ ಎದುರಾಗಿ, ಪಡುವಣಕ್ಕೆ ನಡೆಯುತ್ತೇನೆ. ಬೆನ್ನಿಗೆ ಎಳೆಬಿಸಿಲು. ಎರಡು ತೂಬು, ಬಟ್ಟೆ ಒಗೆಯುವ ಸೋಪಾನ, ನಾಲ್ಕು ಹೊಂಗೆಮರ, ಆಮೇಲೆ ಆಲೆಮನೆ. ಅಲ್ಲಿಂದ ವಾಪಸ್ಸು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದ್ದರೆ ಆ ವಾಸನೆ ಎರಡನೇ ತೂಬಿನ ಹತ್ತಿರವೇ ಮೂಗಿಗೆ ಬರುತ್ತದೆ. ಸಕ್ಕರೆ ಕಾಯಿಲೆಯವನು ಆಲೆಮನೆಯವರೆಗೆ ನಡೆಯುವುದು ಎಂಥ ಚಿಕಿತ್ಸೆಯೋ, ಡಾಕ್ಟರಿಗೆ ಹೇಳಿಲ್ಲ.

ಮೊದಲ ಮಳೆಗಾಲದಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಿ, ಜಿಗುಟು ಮಣ್ಣಿನಲ್ಲಿ ಜಾರಿ ಸೊಂಟದವರೆಗೆ ಕಾಲುವೆಯಲ್ಲಿ ನಿಂತಿದ್ದೆ. ಈಗ ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲು, ಕೈಯಲ್ಲೊಂದು ಕೋಲು. ಕೋಲು ನಾಯಿಗೆ ಹೊಡೆಯಲಿಕ್ಕಲ್ಲ, ಹುಲ್ಲಿನಲ್ಲಿ ಹಾವಿದ್ದರೆ ಸದ್ದಿಗೆ ಸರಿದುಹೋಗಲಿ ಅಂತ. ಜೇಬಿನಲ್ಲಿ ಬಟ್ಟೆಚೀಲ ಇರುತ್ತದೆ. ಅಂಚಿನಲ್ಲಿ ಹೊನಗೊನೆ ಸೊಪ್ಪು ಸಿಗುತ್ತದೆ. ಆದರೆ ಪಕ್ಕದ ಗದ್ದೆಯವರನ್ನು "ಔಷಧಿ ಹೊಡೆದಿದ್ದೀರಾ?" ಎಂದು ಕೇಳದೆ ಕೀಳುವುದಿಲ್ಲ.

ನಾಟಿಯ ಸಮಯದಲ್ಲಿ ಅಗೆ ಕಂತೆ ಎಸೆಯುತ್ತಿದ್ದ ಹೆಂಗಸೊಬ್ಬರು ಕೂಗಿ ಕೇಳಿದರು:

"ಎತ್ಲಾಗ್ ಹೊಂಟ್ರಿ ಸಾ?"

"ಹಿಂಗೇ ವಾಕಿಂಗು ಕಣಮ್ಮ."

"ಹಂಗಾರೆ ಬನ್ನಿ, ನಾಟಿ ಹಾಕ್ವಿರಂತೆ. ವಾಕಿಂಗೂ ಆಯ್ತದೆ, ಕೂಲೀನೂ ಸಿಕ್ತದೆ!"

ಗದ್ದೆಯೆಲ್ಲ ನಕ್ಕಿತು. ಮಾರನೇ ದಿನದಿಂದ ಕೈಬೀಸಿ ನಡೆಯಲು ನಾಚಿಕೆಯಾಗಿ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡೆ.

ಈ ದಾರಿಯ ಚಹರೆ ನಿಂತಿರುವುದು ನಾಲೆಗೆ ನೀರು ಬಿಡುವ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ಮೇಲೆ. ಕಟ್ಟೆ ತುಂಬುವುದು 124.80 ಅಡಿಗೆ. ಇಲ್ಲಿ ಸಿಕ್ಕಿದವರು ಕ್ಷೇಮ ವಿಚಾರಿಸುವ ಮೊದಲು "ಎಷ್ಟು ಅಡಿ ಆಯ್ತಂತೆ?" ಅನ್ನುತ್ತಾರೆ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಒಣಗಿದ ಕಾಲುವೆಯ ಒಳಗೇ ನಡೆದೆ ಆಗ. ತಳದಲ್ಲಿ ಬಿರುಕು, ಬಾಟಲಿ, ಒಂಟಿ ಚಪ್ಪಲಿಗಳು. ಏರಿ ಮೇಲಿಂದ ಕಾಣದ ಗೀಜಗನ ಗೂಡೊಂದು ಮಾತ್ರ ಹಣೆಗೆ ತಾಗುವಷ್ಟು ಹತ್ತಿರ ತೂಗುತ್ತಿತ್ತು, ಖಾಲಿ. 2025ರಲ್ಲಿ ಜೂನ್ ಮುಗಿಯುವುದರೊಳಗೇ ಕಟ್ಟೆ ತುಂಬಿ ಊರಿಗೆಲ್ಲ ಆಶ್ಚರ್ಯ.

ನೀರು ಬರುವುದನ್ನು ಎಷ್ಟೋ ಸಲ ನೋಡಿದ್ದೆ, ನೀರಿನ ಮೂತಿಯನ್ನು ಕಂಡಿದ್ದು ಒಂದೇ ಸಲ. ಆಲೆಮನೆಯ ಹತ್ತಿರ ಒಣಗಾಲುವೆಯಲ್ಲಿ ಅದು ನನಗೆದುರಾಗಿ ಬಂತು. ಭೋರ್ಗರೆತ ಏನಿಲ್ಲ. ಕೆಂಪು ನೊರೆ, ತರಗೆಲೆ, ಕಸವನ್ನು ಮುಂದೆ ತಳ್ಳಿಕೊಂಡು, ನೆಲವನ್ನು ಮೂಸುತ್ತಾ ಬರುವ ಹಸುವಿನಂತೆ. ಗುಂಡಿ ಸಿಕ್ಕಿದರೆ ಅದು ತುಂಬುವವರೆಗೆ ಅಲ್ಲೇ ನಿಂತುಬಿಡುತ್ತಿತ್ತು. ಬಿರುಕುಗಳಿಂದ ಹುಳಹುಪ್ಪಟೆ ಎದ್ದು ಓಡಿದವು. ಬೆಳ್ಳಕ್ಕಿಗಳು, ಗೊರವಂಕಗಳು ಅದರ ಮುಂದೆಮುಂದೆಯೇ ಹೆಜ್ಜೆ ಹಾಕುತ್ತಾ ಹೆಕ್ಕುತ್ತಿದ್ದವು. ನಾನೂ ತಿರುಗಿ ಅದರ ಜೊತೆ ಹೊರಟೆ. ಅದು ನಿಂತರೆ ನಿಂತೆ. ಎರಡನೇ ತೂಬಿನ ಹತ್ತಿರ ಗದ್ದೆಗಳಿಗೆ ನೀರು ಬಿಡುವ ಸೌಡಿ ಕಾಯುತ್ತಿದ್ದರು. ನನ್ನನ್ನು ಒಮ್ಮೆ, ನೀರನ್ನು ಒಮ್ಮೆ ನೋಡಿ, "ನೀವೇ ಕರ್ಕಂಡ್ ಬಂದ್ರಾ ಸಾ?" ಎಂದರು.

ಎಂಟೂಕಾಲಾಗಿತ್ತು. ಮನೆಯಿಂದ ನಾಲ್ಕು ಮಿಸ್ಡ್ ಕಾಲ್. ಐದನೆಯದನ್ನು ಎತ್ತಿಕೊಂಡೆ.

"ಎಲ್ಲಿದ್ದೀರಿ? ಕಾಫಿ ಆರಿಹೋಯ್ತು!"

"ಬರ್ತಾ ಇದ್ದೀವಿ," ಎಂದೆ.