‘ನಡೀತಾ ಇದೆ ಮೇಡಂ’: ಎಂಜಿನಿಯರಿಂಗ್ ಮಕ್ಕಳಿಗೆ ಪ್ರಾಜೆಕ್ಟ್ ನಡೆಸಲು, ನಿಂತು ಮಾತಾಡಲು ಕಲಿಸುವುದು ಹೇಗೆ?

ಕೊನೆಯ ವರ್ಷದ ಎಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್ ಯಾವುದನ್ನಾದರೂ ತೆರೆದು ನೋಡಿ. ಅದರಲ್ಲಿ ಒಂದು ಗ್ಯಾಂಟ್ ಚಾರ್ಟ್, ಅಂದರೆ ಯಾವ ಕೆಲಸ ಎಂದಿನಿಂದ ಎಂದಿನವರೆಗೆ ಎಂದು ತೋರಿಸುವ ಚಿತ್ರ, ಇದ್ದೇ ಇರುತ್ತದೆ. ಬಣ್ಣ ಬಣ್ಣದ ಪಟ್ಟಿಗಳು, ಒಂದು ದಿನವೂ ಆಚೀಚೆ ಆಗದ ಕೆಲಸ! ಅಷ್ಟು ಚೆನ್ನಾಗಿರಲು ಕಾರಣ ಇಷ್ಟೇ, ಅದನ್ನು ಬರೆದದ್ದು ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಇಂಥ ಪಟ್ಟಿ ಬಳಸಿದ್ದು ಕಾರ್ಖಾನೆಯಲ್ಲಿ ಯಾವ ಕೆಲಸ ಹಿಂದೆ ಬಿದ್ದಿದೆ ಎಂದು ನೋಡಲು. ನಾವು ಅದನ್ನು ರಿಪೋರ್ಟಿನ ರಂಗೋಲಿ ಮಾಡಿಕೊಂಡಿದ್ದೇವೆ.

ತಪ್ಪು ಮಕ್ಕಳದ್ದಲ್ಲ. ನಾವು ಕ್ಲಾಸಿನಲ್ಲಿ ವ್ಯಾಖ್ಯೆ ಬರೆಸಿ ಮುಂದೆ ಹೋಗುತ್ತೇವೆ. ಕೊಡಗಿನಲ್ಲಿ ಪಾಠ ಮಾಡುತ್ತಾ, ಇಂಥ ಚಾರ್ಟ್‌ಗಳಿಗೆ ಸಹಿ ಹಾಕಿ ಹಾಕಿ ಸಾಕಾಗಿ ನಾನು ರೂಢಿಸಿಕೊಂಡ ಕ್ರಮ ಇಲ್ಲಿದೆ. ಹೊಸದಾಗಿ ಗೈಡ್ ಆದವರಿಗೆ ಉಪಯೋಗವಾದೀತು.

1. ವಿಷಯ ಆರಿಸಿ

ಹೋಗಿ ಕಣ್ಣಾರೆ ನೋಡಬಹುದಾದ ತೊಂದರೆ ಇರಲಿ. ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಸಿದ್ಧ ಪ್ರಾಜೆಕ್ಟ್ ಕೊಡುವ ಅಂಗಡಿಗಳಿವೆ. ಅಲ್ಲಿಂದ ತಂದದ್ದನ್ನು ಹಿಡಿಯುವುದು ಬಹಳ ಸುಲಭ. ‘ಈ ವೈರ್ ಕಿತ್ತರೆ ಏನಾಗುತ್ತದೆ?’ ಎಂದು ಕೇಳಿ, ಸಾಕು.

2. ತಂಡ ಕಟ್ಟಿ

ನಾಲ್ಕು ಜನ ಇದ್ದರೆ, ಅದರಲ್ಲಿ ಒಬ್ಬರಿಗೆ ದಿನಚರಿ ಬರೆಯುವ ಕೆಲಸ. ಅಕ್ಷರ ಚೆನ್ನಾಗಿದೆ ಎಂದು ಯಾವಾಗಲೂ ಹುಡುಗಿಗೇ ಕೊಡಬೇಡಿ. ತಿಂಗಳಿಗೊಮ್ಮೆ ಬದಲಾಯಿಸಿ.

3. ಕೆಲಸ ಒಡೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲೋಣ.

ಒಂದು ತಂಡ ಕಾಫಿ ಕಣಕ್ಕೆ ಮಳೆ ಎಚ್ಚರಿಕೆ ಯಂತ್ರ ಮಾಡಲು ಹೊರಟಿತ್ತು. ಒಣಗಲು ಹರವಿದ ಹಣ್ಣಿನ ಮೇಲೆ ಹನಿ ಬಿದ್ದ ಕೂಡಲೇ ಮನೆಯಲ್ಲಿ ಬೆಲ್ ಹೊಡೆಯಬೇಕು, ಟಾರ್ಪಾಲ್ ಹಿಡಿದು ಓಡಬೇಕು. ಒಳ್ಳೆಯ ವಿಷಯ. ಅವರು ತಂದ ಪಟ್ಟಿ ಮಾತ್ರ ಹೀಗಿತ್ತು: ಸರ್ವೆ, ಹಾರ್ಡ್‌ವೇರ್, ಕೋಡಿಂಗ್, ಟೆಸ್ಟಿಂಗ್, ರಿಪೋರ್ಟ್. ಒಂದಕ್ಕೂ ತುದಿ ಇಲ್ಲ. ‘ಕೋಡಿಂಗ್ ಎಲ್ಲಿಗೆ ಬಂತಪ್ಪ?’ ಎಂದರೆ ‘ನಡೀತಾ ಇದೆ ಮೇಡಂ’. ಮುಂದಿನ ವಾರ ‘80 ಪರ್ಸೆಂಟ್ ಆಗಿದೆ ಮೇಡಂ’. ಆ 80 ಐದು ವಾರ ಅಲ್ಲೇ ಕೂತಿತ್ತು.

ಆಮೇಲೆ ನಾನು ಒಂದು ನಿಯಮ ಮಾಡಿದೆ. ಪ್ರತಿ ಕೆಲಸವನ್ನೂ ಒಂದು ಚೀಟಿಯಲ್ಲಿ ಪೂರ್ತಿ ವಾಕ್ಯವಾಗಿ ಬರೆಯಬೇಕು. ಅದು ನನ್ನ ಕಣ್ಣಿಗೆ ಕಾಣುವ ಸಂಗತಿಯಾಗಿರಬೇಕು. ‘ಸೆನ್ಸರ್ ಪ್ಲೇಟಿನ ಮೇಲೆ ನೀರು ಚಿಮುಕಿಸಿದರೆ ಎಲ್‌ಇಡಿ ಹೊತ್ತಿಕೊಳ್ಳುತ್ತದೆ.’ ‘ಕಣದಲ್ಲಿಟ್ಟ ಪೆಟ್ಟಿಗೆಯಿಂದ ಮನೆ ಜಗಲಿಗೆ ಸಿಗ್ನಲ್ ಮುಟ್ಟುತ್ತದೆ.’ ಚೀಟಿಯ ಕೆಲಸ ಆಯಿತು ಅಥವಾ ಆಗಲಿಲ್ಲ, ಎರಡೇ ಉತ್ತರ. ಪರ್ಸೆಂಟ್ ಲೆಕ್ಕ ಬಂದ್. ಒಂದು ವಾರಕ್ಕಿಂತ ಹೆಚ್ಚು ಹಿಡಿಯುವ ಚೀಟಿಯನ್ನು ಅಲ್ಲೇ ಹರಿದು ಎರಡು ಮಾಡಿ.

ಹೀಗೆ ಬರೆಸುವಾಗ ಪಟ್ಟಿಯಲ್ಲಿ ಇಲ್ಲದ್ದೂ ಹೊರಗೆ ಬರುತ್ತದೆ. ಆ ತಂಡದ ಒಬ್ಬಳು ಪೆನ್ಸಿಲ್ ಕಚ್ಚುತ್ತಾ ಕೂತಿದ್ದವಳು, ‘ಮೇಡಂ, ಜನವರಿಯಲ್ಲಿ ಬೆಳಗ್ಗೆ ಇಬ್ಬನಿ ಬೀಳುತ್ತದಲ್ಲ, ಆಗ ಬೆಲ್ ಹೊಡೆದರೆ?’ ಎಂದಳು. ನಾಲ್ವರೂ ತೋಟದ ಮನೆಯವರೇ, ಆದರೂ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ‘ಇಬ್ಬನಿಗೆ ಬೆಲ್ ಹೊಡೆಯುವುದಿಲ್ಲ’ ಎನ್ನುವುದು ಹೊಸ ಚೀಟಿಯಾಯಿತು. ಇಡೀ ಪ್ರಾಜೆಕ್ಟಿನಲ್ಲಿ ನಿಜವಾದ ಎಂಜಿನಿಯರಿಂಗ್ ಇದ್ದದ್ದು ಆ ಚೀಟಿಯಲ್ಲೇ.

ಚೀಟಿಗಳನ್ನು ಗೋಡೆಗೆ ಅಂಟಿಸಿ. ಇದಕ್ಕೆಂದೇ ಇರುವ ಸಾಫ್ಟ್‌ವೇರ್ ಬೇಡವೇ ಬೇಡ. ನಾಲ್ಕು ಜನರ ಕೆಲಸಕ್ಕೆ ಅದನ್ನು ಕಲಿಯುವುದೇ ಇನ್ನೊಂದು ಪ್ರಾಜೆಕ್ಟ್ ಆಗುತ್ತದೆ.

ಈಗ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು. ಪುಸ್ತಕದಲ್ಲಿ ಕ್ರಿಟಿಕಲ್ ಪಾತ್ (ಯಾವ ಕೆಲಸಗಳ ಸಾಲು ತಡವಾದರೆ ಇಡೀ ಪ್ರಾಜೆಕ್ಟ್ ತಡವಾಗುತ್ತದೋ ಅದು) ಎಂದು ಬಾಣಗಳ ಬಲೆ ಹಾಕಿರುತ್ತಾರೆ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಕೆಲಸಕ್ಕಾಗಿ ಹುಟ್ಟಿದ ಲೆಕ್ಕ ಅದು. ನಾನು ಬಾಣ ಬಿಟ್ಟು ಒಂದು ಪ್ರಶ್ನೆ ಕೇಳುತ್ತೇನೆ. ‘ಕುಯ್ಲಿಗೆ ಇನ್ನೂ ಇಪ್ಪತ್ತು ಆಳು ಬಂದರೆ ಕಾಫಿ ಬೇಗ ಚೀಲಕ್ಕೆ ಬೀಳುತ್ತಾ?’ ತೋಟದ ಮಕ್ಕಳು ನಗುತ್ತಾರೆ. ಕಣದಲ್ಲಿ ಜಾಗ ಇಲ್ಲದಿದ್ದರೆ ಕುಯ್ದು ಎಲ್ಲಿಗೆ ಸುರಿಯೋದು? ಒಳ್ಳೆ ಬಿಸಿಲಿದ್ದರೂ ಹಣ್ಣು ಒಣಗಲು ಹೆಚ್ಚುಕಡಿಮೆ ಎರಡು ವಾರ ಬೇಕು. ಅದನ್ನು ಯಾರೂ ಅವಸರ ಮಾಡಲಾಗದು. ‘ಸರಿ, ನಿಮ್ಮ ಪ್ರಾಜೆಕ್ಟಿನಲ್ಲಿ ಕಣ ಯಾವುದು?’ ಎಂದು ಕೇಳಿ. ಒಂದು ನಿಮಿಷ ಸದ್ದಿರುವುದಿಲ್ಲ. ಆಮೇಲೆ ಸರಿಯಾದ ಉತ್ತರವೇ ಬರುತ್ತದೆ. ಸಾಮಾನ್ಯವಾಗಿ ಅದು ಕೋಡಿಂಗ್ ಆಗಿರುವುದಿಲ್ಲ, ಕೊರಿಯರ್‌ನಲ್ಲಿ ಬರಬೇಕಾದ ಬಿಡಿಭಾಗ ಆಗಿರುತ್ತದೆ. ಅದನ್ನು ಮೊದಲ ದಿನವೇ ಆರ್ಡರ್ ಮಾಡಿಸಿ, ಎರಡೆರಡು. ಒಂದು ಸುಟ್ಟರೆ ಮೈಸೂರಿಗೆ ಬಸ್ ಹತ್ತಬೇಕಾಗುತ್ತದೆ, ಒಂದು ದಿನ ಹೋಯಿತು.

ಇಲ್ಲೇ ಒಂದು ಮಾತು. ‘ಮಳೆ ಸೆನ್ಸರ್’ ಎಂದು ಅಗ್ಗಕ್ಕೆ ಸಿಗುವ, ಗೆರೆಗೆರೆಯ ಪ್ಲೇಟ್ ಇದೆಯಲ್ಲ, ಅದಕ್ಕೆ ಸದಾ ಕರೆಂಟ್ ಕೊಟ್ಟಿಟ್ಟರೆ ಒದ್ದೆಯಲ್ಲಿ ಗೆರೆಗಳು ಬೇಗ ಕಿಲುಬು ಹಿಡಿದು ಸವೆಯುತ್ತವೆ. ಅಳೆಯುವ ಕ್ಷಣಕ್ಕೆ ಮಾತ್ರ ಕರೆಂಟ್ ಕೊಡುವ ಹಾಗೆ ಕೋಡ್ ಬರೆಸಿ. ಮಣ್ಣಿನ ತೇವ ನೋಡುವ ಎರಡು ಕಡ್ಡಿಯ ಸೆನ್ಸರ್ ಕಥೆಯೂ ಇದೇ. ಲೋಹ ಹೊರಗೆ ಕಾಣದ ಕೆಪಾಸಿಟಿವ್ ಜಾತಿಯದ್ದನ್ನು ತರಿಸಿ.

4. ದಿನ ಲೆಕ್ಕ ಹಾಕಿ

‘ಎಷ್ಟು ದಿನ ಬೇಕು?’ ಎಂದು ಕೇಳಲೇಬೇಡಿ. ‘ಕಳೆದ ವರ್ಷದ ತಂಡಕ್ಕೆ ಎಷ್ಟು ದಿನ ಹಿಡಿಯಿತು?’ ಎಂದು ಕೇಳಿ. ಹಿಂದೆ ತಡವಾದದ್ದು ಗೊತ್ತಿದ್ದೂ ಮನುಷ್ಯ ಈ ಸಲ ಬೇಗ ಮುಗಿಸುತ್ತೇನೆ ಎಂದೇ ಅಂದುಕೊಳ್ಳುತ್ತಾನೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್‌ಸ್ಕಿ 1979ರಲ್ಲೇ ಇದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟು ಬರೆದಿದ್ದಾರೆ. ಅದಕ್ಕೇ ಹಳೆಯ ತಂಡಗಳ ದಿನಚರಿ ಎಸೆಯಬೇಡಿ.

ಬಂದ ಲೆಕ್ಕವನ್ನು ನಮ್ಮೂರ ಕ್ಯಾಲೆಂಡರಿನ ಮೇಲೆ ಇಡಿ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ, ಕರೆಂಟೂ ಇಲ್ಲ. ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ, ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ಆಮೇಲೆ ಹುತ್ತರಿ. ಅದು ಮುಗಿಯಿತು ಎನ್ನುವಷ್ಟರಲ್ಲಿ ಕುಯ್ಲು, ಅರ್ಧ ತಂಡ ಮನೆಯಲ್ಲಿ. ಇದನ್ನು ಅಡಚಣೆ ಎಂದು ಗೊಣಗುವ ಗೈಡ್‌ಗಳಿದ್ದಾರೆ. ಪ್ರತಿ ವರ್ಷ ಹೇಳಿ ಬರುವ ಹಬ್ಬ ಅಡಚಣೆ ಹೇಗಾಗುತ್ತದೆ?

5. ವಾರಕ್ಕೊಮ್ಮೆ ನೋಡಿ

ಹತ್ತು ನಿಮಿಷ, ಗೋಡೆಯ ಮುಂದೆ, ನಿಂತುಕೊಂಡೇ. ಕೂತರೆ ಒಂದು ಗಂಟೆ ಆಗುತ್ತದೆ.

6. ಮಾತಾಡಲು ಕಲಿಸಿ

ಮೊದಲ ಅಭ್ಯಾಸ ಇಂಗ್ಲಿಷಿನಲ್ಲಿ ಬೇಡ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ಮನೆಯಲ್ಲಿ ಯಾವುದೋ ಅದರಲ್ಲಿ ಶುರುವಾಗಲಿ. ಎಂಜಿನಿಯರಿಂಗ್ ಗೊತ್ತಿಲ್ಲದ ಒಬ್ಬರಿಗೆ, ಸ್ಲೈಡ್ ಇಲ್ಲದೆ, ಐದು ನಿಮಿಷ ಹೇಳಿ ಬರಲು ಕಳಿಸಿ. ಮಳೆ ಯಂತ್ರದ ಹುಡುಗ ತನ್ನ ಅಜ್ಜಿಗೆ ಹೇಳಿದ. ‘ಬೆಲ್ ಹೊಡೀತು ಸರಿ. ಮನೆಯಲ್ಲಿ ಯಾರೂ ಇಲ್ದಿದ್ರೆ?’ ಎಂದರಂತೆ ಅಜ್ಜಿ. ರಿವ್ಯೂ ದಿನ ಪರೀಕ್ಷಕರು ಕೇಳಿದ್ದೂ ಅದನ್ನೇ. ಹುಡುಗನ ಹತ್ತಿರ ಉತ್ತರ ಸಿದ್ಧವಿತ್ತು. ಮನೆಮಾತಿನಲ್ಲಿ ಹೇಳಲು ಬಂದದ್ದನ್ನು ಇಂಗ್ಲಿಷಿಗೆ ತರಲು ಎರಡು ಸಂಜೆ ಸಾಕು. ಮೊದಲೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವರು ನಡುವೆ ಒಂದು ಪ್ರಶ್ನೆ ಬಂದರೆ ನಿಂತುಬಿಡುತ್ತಾರೆ.

ಶುರುವಿನಲ್ಲಿ ‘ನಮ್ಮ ಪ್ರಾಜೆಕ್ಟಿನ ಶೀರ್ಷಿಕೆ’ ಎನ್ನುವುದನ್ನು ಬಿಡಿಸಿ. ಅದು ಪರದೆಯ ಮೇಲೇ ಇದೆ. ಮಳೆ ಬಂದು ಕಣದಲ್ಲಿ ನೆನೆದ ಕಾಫಿಯ ಒಂದು ಫೋಟೊ ತೋರಿಸಿ, ‘ಇದು ನಮ್ಮ ಮನೆ ಕಣ’ ಎನ್ನಲಿ. ಹತ್ತು ನಿಮಿಷಕ್ಕೆ ಏಳು ಸ್ಲೈಡ್ ನನ್ನ ಮಿತಿ. ಅದರಲ್ಲಿ ಒಂದು, ಏನು ಕೆಟ್ಟಿತು, ಹೇಗೆ ಸರಿ ಮಾಡಿದೆವು ಎನ್ನುವುದಕ್ಕೆ. ಎಐ ಬರೆದುಕೊಡುವ ಸ್ಲೈಡ್‌ಗಳಲ್ಲಿ ಅದೊಂದು ಇರುವುದಿಲ್ಲ, ನೋಡಿ.

7. ಹಿಂದಿನ ದಿನ

ಯಂತ್ರ ಕೆಲಸ ಮಾಡುವ ವಿಡಿಯೊ ಮೊಬೈಲಿನಲ್ಲಿರಲಿ, ವೇದಿಕೆ ಮೇಲೆ ಅದು ಮುನಿಸಿಕೊಳ್ಳುವುದು ಗ್ಯಾರಂಟಿ. ಸ್ಲೈಡ್‌ಗಳ ಪಿಡಿಎಫ್ ಪೆನ್‌ಡ್ರೈವ್‌ನಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ನನ್ನದೇ ಕನ್ನಡ ಸ್ಲೈಡ್ ಒಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ, ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮುಂದಿನ ಸಾಲಿನಲ್ಲಿ ನನ್ನ ವಿದ್ಯಾರ್ಥಿಗಳೇ ಕೂತಿದ್ದರು. ಇನ್ನು, ಪ್ರೊಜೆಕ್ಟರ್‌ಗೆ ಯಾವ ಪಿನ್ ಬೇಕು ಎಂದು ಹಿಂದಿನ ದಿನವೇ ಹೋಗಿ ನೋಡಿ ಬರಲಿ.

ಮತ್ತೆ ಗೈಡ್‌ಗೆ ಒಂದು ಕೆಲಸ. ಪರೀಕ್ಷಕರು ಪ್ರಶ್ನೆ ಕೇಳುವಾಗ ಹಿಂದಿನ ಗೋಡೆಗೆ ಒರಗಿ ನಿಲ್ಲಿ. ಮಕ್ಕಳು ತಿರುಗಿ ನಿಮ್ಮ ಮುಖ ನೋಡಿದರೆ ಕಿಟಕಿಯ ಕಡೆ ನೋಡಿ.